ಕೀಳಿಸುವುದೋ, ಉಳಿಸಿಕೊಳ್ಳುವುದೋ



ಇಂದಿನ ಧಮ್ಮ ಚಿಂತನೆ



ಕಳೆದ ಮೂರು ಭಾನುವಾರ ನಾನು ಅಧ್ಯಯನಕ್ಕೆ ಬಂದೆ, ಆದರೆ ಮಾತಾಡಲಿಲ್ಲ. ತ್ರಿಸರಣ, ಪಂಚಶೀಲವನ್ನೂ ಮನಸ್ಸಿನಲ್ಲೇ ಹೇಳಿಕೊಂಡೆ. ಕೆಲವರು ಕೋಪವೇನೋ ಎಂದುಕೊಂಡಿರಂತೆ. ಕೋಪವೂ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಬಾಯಿ ಮುಚ್ಚಿಸಿದ್ದು ಹಲ್ಲು. ಇವತ್ತು ಬರೆಯುವ ಸರದಿ ನನ್ನದಾದ್ದರಿಂದ ಅದನ್ನೇ ಬರೆಯುತ್ತೇನೆ. ಒಂದು ಸುತ್ತವನ್ನು ಎತ್ತಿಕೊಂಡು ಅದಕ್ಕೆ ಬದುಕಿನಿಂದ ಉದಾಹರಣೆ ಹುಡುಕುವುದು ನಮ್ಮ ರೂಢಿ. ಈ ಸಲ ಹಲ್ಲು ಮೊದಲು, ಸುತ್ತ ಆಮೇಲೆ.

ಕೆಳದವಡೆಯ ಎಡಗಡೆ, ಹಿಂದಿನಿಂದ ಮೂರನೆಯದು. ಮಕ್ಕಳಿಗೆ ಆರನೇ ವಯಸ್ಸಿನ ಸುಮಾರಿಗೆ ಬರುವ ಮೊದಲ ಶಾಶ್ವತ ದವಡೆ ಹಲ್ಲು ಅದು. ಯಾವ ಹಾಲುಹಲ್ಲೂ ಬೀಳದೆ ಅದು ಹಿಂದುಗಡೆ ಸುಮ್ಮನೆ ಹುಟ್ಟುವುದರಿಂದ ಅದನ್ನೂ ಹಾಲುಹಲ್ಲೆಂದೇ ತಿಳಿದು ಮನೆಯವರು ಲಕ್ಷ್ಯ ಕೊಡುವುದಿಲ್ಲ. ಮನೆಯಲ್ಲಿ ಆ ವಯಸ್ಸಿನ ಮಕ್ಕಳಿದ್ದರೆ ಒಮ್ಮೆ ಬಾಯಿ ತೆರೆಸಿ ನೋಡಿ. ನನ್ನದಕ್ಕೆ ಹತ್ತು ವರ್ಷದ ಹಿಂದೆ ಸಿಮೆಂಟ್ ತುಂಬಿಸಿದ್ದೆ. ಈ ಸಲ ಮೊದಲು ಬಿಸಿ ಟೀ ತಗುಲಿದರೆ ಜುಮ್ಮೆನ್ನುತ್ತಿತ್ತು, ಆಮೇಲೆ ರಾತ್ರಿ ಮಲಗಿದರೆ ನೋವು, ಆಮೇಲೆ ವಸಡಿನಲ್ಲಿ ಒಂದು ಗುಳ್ಳೆ, ಅದರಿಂದ ಕೀವು.

ಮನೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆ. ನನಗಿಂತ ಮೊದಲು ಇಸ್ತ್ರಿ ಅಂಗಿಯ ಒಬ್ಬರು ಒಳಗಿದ್ದರು. ಬಾಗಿಲು ಅರ್ಧ ತೆರೆದಿತ್ತು. ಡಾಕ್ಟರು ಅವರಿಗೆ ಎಕ್ಸ್‌ರೇ ತೋರಿಸಿ, ರೂಟ್ ಕೆನಾಲ್ ಎಂದರೇನು, ಕ್ಯಾಪ್ ಏಕೆ ಬೇಕು, ಸ್ವಂತ ಹಲ್ಲಿಗೆ ಸಮನಾದದ್ದು ಯಾವುದೂ ಇಲ್ಲ ಎಂದೆಲ್ಲ ಸಮಾಧಾನವಾಗಿ ಹೇಳುತ್ತಿದ್ದರು. ನನ್ನ ಸರದಿ ಬಂತು. ಬಾಯಿ ತೆರೆದೆ. ಕನ್ನಡಿ ಕಡ್ಡಿ ಇಟ್ಟು ಒಂದು ಸಲ ನೋಡಿದರು. ಏನು ಕೆಲಸ, ಎಲ್ಲಿ ಮನೆ ಎಂದು ಕೇಳಿದರು. ಹೇಳಿದೆ. "ಕೀಳಿಸಿಬಿಡಿ, 800 ಆಗುತ್ತೆ" ಎಂದರು. ಎಕ್ಸ್‌ರೇ ಇಲ್ಲ, ಉಳಿಸಬಹುದೇ ಎಂಬ ಮಾತೇ ಇಲ್ಲ. ಐದು ದಿನದ ಮಾತ್ರೆ ಬರೆದರು, ಊತ ಇಳಿದ ಮೇಲೆ ಬರಲು ಹೇಳಿದರು.

ಅಲ್ಲಿಂದ ಬಸ್ ಸ್ಟಾಪಿನವರೆಗೆ ನಡೆಯುವಷ್ಟರಲ್ಲಿ ನೋವಿಗಿಂತ ಹೆಚ್ಚಾಗಿ ಇನ್ನೊಂದು ಉರಿಯಲು ಶುರುವಾಗಿತ್ತು. ಅವರ ಹಲ್ಲು ಉಳಿಸುವ ಹಲ್ಲು, ನನ್ನದು ಕೀಳುವ ಹಲ್ಲು. ಯಾಕೆ?

ಈ ಪ್ರಶ್ನೆ ನನ್ನಲ್ಲಿ ಅವತ್ತು ಹುಟ್ಟಿದ್ದಲ್ಲ. ನಮ್ಮ ಅವ್ವನ ಬಾಯಲ್ಲಿ ಈಗ ಉಳಿದಿರುವುದು ಮೂರು ಹಲ್ಲು. ಒಂದೊಂದು ಹಲ್ಲಿಗೂ ಅವ್ವ ಮಾಡಿದ್ದು ಒಂದೇ ಕ್ರಮ: ಮೊದಲು ಹೊಗೆಸೊಪ್ಪು ಅದುಮಿಟ್ಟುಕೊಳ್ಳುವುದು, ಆಮೇಲೆ ಲವಂಗ, ಆಮೇಲೆ ಹಲ್ಲಿನ ಹುಳ ತೆಗೆಯುತ್ತೇನೆಂದು ಊರಿಗೆ ಬರುತ್ತಿದ್ದವನಿಗೆ ನಾಲ್ಕಾಣೆ, ಯಾವುದಕ್ಕೂ ಬಗ್ಗದಿದ್ದರೆ ಆಸ್ಪತ್ರೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಜೊತೆಗೆ ಹೋಗಿದ್ದೆ. ಯಾವ ಊರು, ಯಾವ ಕೇರಿ ಎಂದು ಡಾಕ್ಟರು ಮೊದಲೇ ಕೇಳಿದ್ದರು. ಕುರ್ಚಿಯಿಂದ ಏಳದೆ ಟಾರ್ಚ್ ಬಿಟ್ಟು "ಆ ಅನ್ನು" ಎಂದರು. ಅವ್ವನ ಗಲ್ಲ ಇಷ್ಟು ಊದಿತ್ತು, ಅದನ್ನು ಮುಟ್ಟಲಿಲ್ಲ. ಚೀಟಿ ಬರೆದು ಮೇಜಿನ ಮೇಲೆ ಇಟ್ಟರು, ಅವ್ವ ತೆಗೆದುಕೊಂಡಳು. ಹಲ್ಲು ಕಿತ್ತವನು ಕಾಂಪೌಂಡರ್. ಬರುವಾಗ ಅವ್ವ ಸೆರಗಿನಲ್ಲಿ ಬಾಯಿ ಒತ್ತಿಕೊಂಡು ನಡೆದಳು, ನಾನು ಮುಂದೆ ಮುಂದೆ ನಡೆದೆ. ಅವಳ ಪಕ್ಕ ನಡೆಯಲು ನಾಚಿಕೆಯಾಗಿತ್ತು. ಆ ನಾಚಿಕೆಯ ನಾಚಿಕೆ ಈಗಲೂ ಇದೆ.

ಹಾಗಾಗಿ ನಾನು ತೀರ್ಮಾನಿಸಿದೆ: ಈ ಹಲ್ಲು ಕೀಳಿಸುವುದಿಲ್ಲ. ಸಾಲವಾದರೂ ಸರಿ.

ಐದು ದಿನ ಮಾತ್ರೆ ನುಂಗಿದೆ. ಊತ ಇಳಿಯಿತು, ನೋವು ಹೋಯಿತು. ಗೆದ್ದೆ ಎಂದುಕೊಂಡು ಯಾವ ಡಾಕ್ಟರ ಹತ್ತಿರವೂ ಹೋಗಲಿಲ್ಲ. ಇದು ನಮ್ಮಲ್ಲಿ ಬಹಳ ಜನ ಮಾಡುವ ತಪ್ಪು. ಹಲ್ಲಿನೊಳಗಿನ ನರ, ರಕ್ತನಾಳ ಸತ್ತುಹೋದ ಮೇಲೆ ಅಲ್ಲಿಗೆ ರಕ್ತ ಹರಿಯುವುದಿಲ್ಲ. ರಕ್ತ ಹೋಗದ ಕಡೆಗೆ ಮಾತ್ರೆಯ ಔಷಧಿಯೂ ಹೋಗುವುದಿಲ್ಲ. ಸುತ್ತಲಿನ ಊತ ಇಳಿಯುತ್ತದೆ, ಒಳಗಿನ ಕೊಳೆತ ಹಾಗೇ ಕೂತಿರುತ್ತದೆ. ಒಂದೋ ಒಳಗನ್ನು ಪೂರ್ತಿ ಶುಚಿ ಮಾಡಿ ಮುಚ್ಚಬೇಕು, ಇಲ್ಲವೇ ಹಲ್ಲನ್ನೇ ತೆಗೆಯಬೇಕು. ಎರಡು ವಾರ ಕಳೆಯುವುದರೊಳಗೆ ನೋವು ಮತ್ತೆ ಬಂತು. ನೀವು ನನ್ನನ್ನು ಮೂಕನಂತೆ ನೋಡಿದ್ದು ಆಗಲೇ.

ಆ ದಿನಗಳಲ್ಲಿ ಸಲಹೆಗೆ ಬರವಿರಲಿಲ್ಲ. ನೆಂಟರೊಬ್ಬರು, ಇನ್ನೂ ದೀಕ್ಷೆ ತೆಗೆದುಕೊಳ್ಳದವರು, "ಯಾವ ಜನ್ಮದ ಕರ್ಮವೋ" ಎಂದರು. ಅದಕ್ಕೆ ಉತ್ತರ ಕೊಡುವುದು ಸುಲಭ. ಸೀವಕನೆಂಬ ಪರಿವ್ರಾಜಕ ಬುದ್ಧರ ಬಳಿ ಬಂದು, ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲವೆಂದು ಕೆಲವರು ಹೇಳುತ್ತಾರಲ್ಲ, ನೀವೇನು ಹೇಳುತ್ತೀರಿ ಎಂದು ಕೇಳಿದ್ದು ಸಂಯುತ್ತ ನಿಕಾಯದಲ್ಲಿದೆ. ಬುದ್ಧರು ಪಿತ್ತ, ಕಫ, ವಾತ, ಇವು ಮೂರೂ ಕೂಡಿದ್ದು, ಋತುವಿನ ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನ ಪೆಟ್ಟು ಎಂದು ಕಾರಣಗಳನ್ನು ಎಣಿಸುತ್ತಾ ಹೋಗುತ್ತಾರೆ. ಕರ್ಮ ಎಂಟನೆಯದಾಗಿ ಬರುತ್ತದೆ. ಎಲ್ಲವನ್ನೂ ಹಿಂದಿನದರ ತಲೆಗೆ ಕಟ್ಟುವವರು ಕಣ್ಣಿಗೆ ಕಾಣುವ ಸತ್ಯವನ್ನು ಮೀರಿ ಮಾತಾಡುತ್ತಿದ್ದಾರೆ ಎನ್ನುತ್ತಾರೆ. ಹೋದ ಜನ್ಮದ ಕರ್ಮವೆಂಬ ಮಾತು ಬಡವನ ಮೇಲೆ ಏನೇನು ಹೊರಿಸಿದೆ ಎಂದು ಬಾಬಾಸಾಹೇಬರು ನಮಗೆ ಕಲಿಸಿಯಾಗಿದೆ. ನನ್ನ ಹಲ್ಲಿನ ಕಾರಣ ಆ ಪಟ್ಟಿಯಲ್ಲಿ ಆರನೆಯದು. ದೀಕ್ಷೆಯ ದಿನ ಹೆಂಡ ಬಿಟ್ಟೆ, ಅಡಿಕೆ ಬಿಡಲಿಲ್ಲ. ಗಟ್ಟಿ ಅಡಿಕೆಯನ್ನು ಅದೇ ಎಡದವಡೆಯಲ್ಲಿ ಮೂವತ್ತು ವರ್ಷ ಕಡಿದಿದ್ದೇನೆ. ಹಲ್ಲುಕಡ್ಡಿ ಬಳಸದಿದ್ದರೆ ಆಗುವ ಐದು ಕೇಡುಗಳನ್ನು ಬುದ್ಧರು ಭಿಕ್ಷುಗಳಿಗೆ ಹೇಳಿದ್ದು, ಕಡ್ಡಿ ಎಷ್ಟು ಬೆರಳು ಉದ್ದ ಇರಬೇಕೆಂಬುದೂ ವಿನಯದಲ್ಲಿದೆ. ಭಿಕ್ಷುಗಳ ಬಾಯಿ ವಾಸನೆಯನ್ನೂ ಧಮ್ಮದ ವಿಷಯವೆಂದು ತಿಳಿದ ಗುರುಗಳು ನಮ್ಮವರು.

ನಮ್ಮ ಬಳಗದವರದೇ ಸಲಹೆಗಳಿಗೆ ಉತ್ತರ ಕೊಡುವುದು ಕಷ್ಟವಾಯಿತು. ಒಬ್ಬ ಅಣ್ಣ, "ಎಲ್ಲವೂ ಅನಿಚ್ಚ, ಹಲ್ಲೊಂದಕ್ಕೆ ಏಕೆ ಅಂಟಿಕೊಳ್ಳುತ್ತೀಯ, ಕಿತ್ತುಹಾಕು" ಎಂದರು. ಹೊಸದಾಗಿ ಪಬ್ಬಜ್ಜೆ ಪಡೆಯುವವನಿಗೆ ಧ್ಯಾನಕ್ಕೆಂದು ಕೊಡುವ ಐದರಲ್ಲಿ ಕೂದಲು, ರೋಮ, ಉಗುರು, ಚರ್ಮದ ಜೊತೆ ಹಲ್ಲೂ ಇದೆ ಎಂದು ನೆನಪಿಸಿದರು. ನಿಜ, ಇದೆ. ಇನ್ನೊಬ್ಬ ಅಕ್ಕ ಎರಡು ಬಾಣಗಳ ಸುತ್ತ ಹೇಳಿದರು: ನೋವು ಮೊದಲ ಬಾಣ, ಅದರ ಬಗ್ಗೆ ಕೊರಗುವುದು ಎರಡನೆಯದು, ಆ ಎರಡನೆಯದು ಚುಚ್ಚದಂತೆ ನೋಡಿಕೊಳ್ಳಿ. ನಾನು ಪ್ರಯತ್ನಪಟ್ಟೆ. ರಾತ್ರಿ ಕೂತು ನೋವನ್ನೇ ನೋಡುತ್ತಿದ್ದೆ. ಬೆಳಗಿನ ಜಾವ ಮೂರು ಗಂಟೆಗೆ ತಿಳಿಯಿತು, ನಾನು ನೋಡುತ್ತಿರಲಿಲ್ಲ, ಹಲ್ಲು ಕಚ್ಚಿ ಹಿಡಿದಿದ್ದೆ.

ಹಲ್ಲು ಕಚ್ಚಿ ಎಂದಾಗ ಮಹಾಸಚ್ಚಕ ಸುತ್ತ ನೆನಪಾಯಿತು. ಬೋಧಿಗೆ ಮೊದಲು ಸಿದ್ಧಾರ್ಥ ಗೌತಮರು ಮಾಡಿದ ಕಠಿಣ ಸಾಧನೆಗಳಲ್ಲಿ ಒಂದು ಇದೇ: ಹಲ್ಲಿಗೆ ಹಲ್ಲು ಒತ್ತಿ, ನಾಲಿಗೆಯನ್ನು ಅಂಗುಳಕ್ಕೆ ಅದುಮಿ, ಮನಸ್ಸನ್ನು ಬಲವಂತದಿಂದ ಹಿಂಡುವುದು. ಕಂಕುಳಿಂದ ಬೆವರು ಸುರಿಯಿತಂತೆ. ದೇಹವನ್ನು ಹೀಗೆ ದಂಡಿಸುವುದರಿಂದ ದಾರಿ ಸಿಗದೆಂದು ಕೊನೆಗೆ ಬಿಟ್ಟು ಊಟ ಮಾಡಿದರು. ಹಾಗಾದರೆ ನಾನು ನಡುರಾತ್ರಿ ಮಾಡುತ್ತಿದ್ದದ್ದು ಅವರು ಬಿಟ್ಟದ್ದನ್ನು.

ಆ ಅಣ್ಣನ ಮಾತಿನಲ್ಲೂ ಒಂದು ತೊಡಕಿದೆ. ಬಿಟ್ಟುಕೊಡುವುದು ಇಟ್ಟುಕೊಳ್ಳಲು ಸಾಧ್ಯವಿದ್ದವನಿಗೆ ಇರುವ ಗುಣ. ಅವ್ವ ತನ್ನ ಹಲ್ಲುಗಳನ್ನು ಬಿಟ್ಟುಕೊಟ್ಟಳೇ? ಅವಳಿಂದ ತೆಗೆದುಕೊಂಡರು. ಅದಕ್ಕೆ ಅನಿಚ್ಚ ಎಂದು ಹೆಸರಿಟ್ಟರೆ ಇಲ್ಲದಿರುವಿಕೆಗೆ ಹೂ ಮುಡಿಸಿದಂತೆ. ಬುದ್ಧರು ಬಡತನವನ್ನು ಧನ್ಯವೆಂದು ಹೊಗಳಲಿಲ್ಲ ಎಂದು ಬಾಬಾಸಾಹೇಬರು "ಬುದ್ಧ ಮತ್ತು ಅವನ ಧಮ್ಮ"ದಲ್ಲಿ ಎತ್ತಿ ಹೇಳಿರುವುದು ಸುಮ್ಮನೆ ಅಲ್ಲ. ಇದನ್ನು ಅಣ್ಣನಿಗೆ ಆವತ್ತೇ ಹೇಳುತ್ತಿದ್ದೆ, ಬಾಯಿ ಬಿಡಲಾಗಲಿಲ್ಲ.

ಇಷ್ಟೆಲ್ಲ ವಾದ ತಲೆಯಲ್ಲಿ ಗೆದ್ದುಕೊಂಡು ಇನ್ನೂ ನಾಲ್ಕು ದಿನ ಕೂತೆ. ಆಗ ಮಾಲುಂಕ್ಯಪುತ್ತನ ಸುತ್ತ ಅಡ್ಡ ಬಂತು. ನಿಮಗೆಲ್ಲ ಗೊತ್ತಿರುವ ಕಥೆ. ವಿಷದ ಬಾಣ ನೆಟ್ಟವನನ್ನು ಬಂಧುಗಳು ವೈದ್ಯನ ಬಳಿ ಒಯ್ಯುತ್ತಾರೆ. ಅವನು, ಹೊಡೆದವನು ಯಾರು, ಕ್ಷತ್ರಿಯನೋ ಬ್ರಾಹ್ಮಣನೋ ವೈಶ್ಯನೋ ಶೂದ್ರನೋ, ಕಪ್ಪಗಿದ್ದನೋ ಕೆಂಪಗಿದ್ದನೋ, ಎಲ್ಲ ತಿಳಿಯುವವರೆಗೆ ಬಾಣ ಕೀಳಬೇಡಿ ಎನ್ನುತ್ತಾನೆ. ಉತ್ತರ ಸಿಗುವ ಮೊದಲೇ ಸಾಯುತ್ತಾನೆ. ಆ ಪಟ್ಟಿಯಲ್ಲಿ ಮೊದಲು ಬರುವ ಪ್ರಶ್ನೆಗಳಲ್ಲೇ ಜಾತಿ ಇರುವುದನ್ನು ನಾನು ಎಷ್ಟೋ ಸಲ ಓದಿದ್ದರೂ ಗಮನಿಸಿರಲಿಲ್ಲ. ನಾನೂ ಅದನ್ನೇ ಕೇಳುತ್ತಿದ್ದೆ. ಆ ಡಾಕ್ಟರು ಯಾವ ಜಾತಿ? ನನ್ನ ಹೆಸರು ನೋಡಿ ಹೇಳಿದರೋ, ಬಟ್ಟೆ ನೋಡಿ ಹೇಳಿದರೋ, ಬೀದಿ ಹೆಸರು ಕೇಳಿ ಹೇಳಿದರೋ? ಇದು ತಿಳಿಯುವ ತನಕ ಕೀಳಿಸುವುದಿಲ್ಲ. ಅಷ್ಟರಲ್ಲಿ ಕೀವು ತನ್ನ ಕೆಲಸ ಮಾಡುತ್ತಿತ್ತು.

ಇಲ್ಲಿಗೆ ನಿಲ್ಲಿಸಿದರೆ ಚಿಂತನೆ ಸಲೀಸಾಗಿ ಮುಗಿಯುತ್ತಿತ್ತು. ನನಗೆ ನಿಲ್ಲಿಸಲಾಗಲಿಲ್ಲ. ಬುದ್ಧರ ಕಥೆಯಲ್ಲಿ ಒಬ್ಬ ವೈದ್ಯನಿದ್ದಾನೆ, ಅವನು ಕೀಳಲು ಸಿದ್ಧನಿದ್ದಾನೆ. ನಮ್ಮ ಕಥೆಯಲ್ಲಿ? "ವೇಟಿಂಗ್ ಫಾರ್ ಎ ವೀಸಾ"ದಲ್ಲಿ ಬಾಬಾಸಾಹೇಬರು ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಶಾಲಾಮಾಸ್ತರರ ಪತ್ರವನ್ನು ಕೊಡುತ್ತಾರೆ. ಅದು 1929ರ ಡಿಸೆಂಬರಿನಲ್ಲಿ "ಯಂಗ್ ಇಂಡಿಯಾ"ದಲ್ಲಿ ಅಚ್ಚಾಗಿದ್ದ ಪತ್ರ. ಮಾಸ್ತರರ ಹೆಂಡತಿ ಹೆತ್ತು ಎರಡು ದಿನಕ್ಕೆ ಕಾಯಿಲೆ ಬಿದ್ದಳು. ಡಾಕ್ಟರು ಕೇರಿಯೊಳಗೆ ಬರಲಿಲ್ಲ. ದೊಡ್ಡವರಿಂದ ಹೇಳಿಸಿ, ಎರಡು ರೂಪಾಯಿ ಫೀಜು ಗೊತ್ತು ಮಾಡಿ, ಬಾಣಂತಿಯನ್ನು ಕೇರಿಯ ಹೊರಗೆ ತಂದ ಮೇಲೆ ಬಂದರು. ಥರ್ಮಾಮೀಟರನ್ನು ಅವರು ಒಬ್ಬ ಮುಸ್ಲಿಮನ ಕೈಗೆ ಕೊಟ್ಟರು, ಅವನು ಗಂಡನಿಗೆ, ಗಂಡ ಹೆಂಡತಿಗೆ. ಅದೇ ದಾರಿಯಲ್ಲಿ ವಾಪಸ್ಸು. ಡಾಕ್ಟರು ಮುಟ್ಟದೆ ರೋಗ ಹೇಳಿದರು, ಔಷಧಿ ಕಳಿಸಿದರು. ಆಕೆ ಸತ್ತಳು. ಈ ಕಥೆಯಲ್ಲಿ ಜಾತಿ ಕೇಳಿದವನು ಗಾಯಗೊಂಡವನಲ್ಲ, ಬಾಣ ಕೀಳಬೇಕಾದವನು. ಹಾಗಾಗಿ ಮಾಲುಂಕ್ಯಪುತ್ತನಿಗೆ ಹೇಳಿದ್ದನ್ನು ಇದ್ದಹಾಗೇ ನಮ್ಮ ಮೇಲೆ ಹಾಕಿ, "ಜಾತಿಯ ಪ್ರಶ್ನೆ ಎತ್ತಬೇಡ, ಚಿಕಿತ್ಸೆ ಮಾಡಿಸಿಕೋ" ಎನ್ನುವವರನ್ನು ನಾನು ಒಪ್ಪುವುದಿಲ್ಲ. ನಮಗೆ ಆ ಪ್ರಶ್ನೆ ಹುಚ್ಚು ಕುತೂಹಲವಲ್ಲ, ಅದರಿಂದ ಜೀವ ಹೋಗಿದೆ.

ಆದರೂ ನನ್ನ ಹಲ್ಲಿಗೆ ಅದು ಉತ್ತರವಾಗಿರಲಿಲ್ಲ. ಪ್ರಶ್ನೆ ನ್ಯಾಯವಾದದ್ದು, ಕೀವೂ ನಿಜವಾದದ್ದು. ಒಂದರ ಹೆಸರಲ್ಲಿ ಇನ್ನೊಂದನ್ನು ಬೆಳೆಸುತ್ತಿದ್ದೆ. ಇದನ್ನು ನನಗೆ ಹೇಳಿದ್ದು ಸುತ್ತವಲ್ಲ, ಮಗಳು. "ಅಪ್ಪಾ, ಆ ಡಾಕ್ಟರ್ ಸರಿಯಿಲ್ಲ ಅಂದ್ರೆ ಇನ್ನೊಬ್ರ ಹತ್ರ ಹೋಗು. ಮನೇಲಿ ಕೂತು ಅವರ ಜೊತೆ ಯಾಕೆ ಜಗಳ ಆಡ್ತೀಯ?" ಎಂದಳು. ದವಡೆ ಕೆಳಗೆ ಊತ ಇಳಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಓಡಬೇಕು, ಜೀವಕ್ಕೇ ಅಪಾಯ ಎಂಬುದನ್ನೂ ಅವಳೇ ಹೇಳಿದ್ದು. ಇದನ್ನು ನೀವೂ ನೆನಪಿಟ್ಟುಕೊಳ್ಳಿ. ಹಲ್ಲುನೋವೆಂದರೆ ತಮಾಷೆಯಲ್ಲ.

ಮರುದಿನ ಬೆಂಗಳೂರಿನ ಕೋಟೆ ಹತ್ತಿರದ ಸರ್ಕಾರಿ ಡೆಂಟಲ್ ಕಾಲೇಜಿಗೆ ಹೋದೆ. ಚೀಟಿ ಮಾಡಿಸಿ ಬೆಂಚಿನಲ್ಲಿ ಎರಡು ಗಂಟೆ ಕೂತೆ. ನೋಡಿದ್ದು ಓದುತ್ತಿರುವ ಒಬ್ಬ ಹುಡುಗಿ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಗ್ಲೌಸ್ ಹಾಕಿ ಮೊದಲು ಗಲ್ಲ ಮುಟ್ಟಿದರು, ದವಡೆಯ ಕೆಳಗೆ ಎರಡೂ ಕಡೆ ಬೆರಳಿಟ್ಟು ಒತ್ತಿ ನೋಡಿದರು. ನನಗೆ ಗಂಟಲು ಕಟ್ಟಿತು. ನೋವಿಗೆಂದು ತಿಳಿದು "ಸಾರಿ ಸರ್" ಎಂದರು.

ಸುಲಭವಾಗಿ ಶುಶ್ರೂಷೆ ಮಾಡಬಹುದಾದ ರೋಗಿ ಹೇಗಿರಬೇಕೆಂದು ಬುದ್ಧರು ಹೇಳಿದ ಗುಣಗಳಲ್ಲಿ, ನೋಡಿಕೊಳ್ಳುವವರಿಗೆ ತನ್ನ ರೋಗವನ್ನು ಇದ್ದಹಾಗೆ ತಿಳಿಸುವುದು ಒಂದು. ಮೊದಲ ಕ್ಲಿನಿಕ್ಕಿನಲ್ಲಿ ನಾನು ಅಡಿಕೆಯ ವಿಷಯ ಮುಚ್ಚಿಟ್ಟಿದ್ದೆ, ಅವಮಾನವೆಂದು. ಇಲ್ಲಿ ಎಲ್ಲ ಹೇಳಿದೆ. ಮಾತ್ರೆ ನುಂಗಿ ಸುಮ್ಮನಾದದ್ದನ್ನೂ ಹೇಳಿದೆ.

ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ನೆರಳು. "ಅದೊಂದೇ ಆದರೆ ರೂಟ್ ಕೆನಾಲ್ ಮಾಡಿ ಉಳಿಸಬಹುದು" ಎಂದರು. ನನ್ನ ಎದೆ ಹಿಗ್ಗಿತು. ಸಣ್ಣ ಕಡ್ಡಿಯಿಂದ ವಸಡಿನ ಸುತ್ತ ಅಳೆದರು. ಎಲ್ಲ ಕಡೆ ಸ್ವಲ್ಪವೇ ಇಳಿದ ಕಡ್ಡಿ ಒಂದು ಕಡೆ ಮಾತ್ರ ಆಳಕ್ಕೆ ಇಳಿಯಿತು. ಅವರ ಮುಖ ಬದಲಾಯಿತು. ಹಳೆಯ ಸಿಮೆಂಟ್ ತೆಗೆದು, ನೀಲಿ ಬಣ್ಣ ಹಚ್ಚಿ, ತೊಳೆದು, ಹಿರಿಯ ಡಾಕ್ಟರನ್ನು ಕರೆದರು. ಇಬ್ಬರೂ ನೋಡಿ ನನಗೂ ಕನ್ನಡಿಯಲ್ಲಿ ತೋರಿಸಿದರು: ಹಲ್ಲಿನ ನಡುವೆ ಕೂದಲಿನಂಥ ನೀಲಿ ಗೆರೆ, ಬೇರಿನ ಕಡೆಗೆ ಇಳಿದಿತ್ತು. ಹಲ್ಲು ಸೀಳಿದೆ. ಒಳಗೆ ಎಷ್ಟು ಶುಚಿ ಮಾಡಿ ಕ್ಯಾಪ್ ಹಾಕಿದರೂ ಆ ಸೀಳಿನಿಂದ ಮತ್ತೆ ಸೋಂಕು ಇಳಿಯುತ್ತದೆ, ಅದನ್ನು ಬೆಸೆಯುವ ಉಪಾಯವಿಲ್ಲ. "ನಮ್ಮ ಅಭಿಪ್ರಾಯ ತೆಗೆಸುವುದೇ ಒಳ್ಳೇದು. ನಿಮ್ಮ ಹಲ್ಲು, ನೀವು ಯೋಚನೆ ಮಾಡಿ ಹೇಳಿ" ಎಂದರು.

ಹೊರಗೆ ಬೆಂಚಿನಲ್ಲಿ ಕಾಲು ಗಂಟೆ ಕೂತೆ. ಯೋಚಿಸಲು ಏನೂ ಉಳಿದಿರಲಿಲ್ಲ, ಆದರೂ ಎದ್ದು ಹೋಗಲು ಆಗುತ್ತಿರಲಿಲ್ಲ. ಕೀಳಿಸಿದರೆ ಆ ಮೊದಲಿನ ಡಾಕ್ಟರು ಗೆದ್ದಂತೆ ಅನಿಸುತ್ತಿತ್ತು. ಅಲ್ಲಿ ಕೂತಾಗ ಕಂಡದ್ದು ಅದೇ: ನಾನು ಹಿಡಿದುಕೊಂಡಿದ್ದದ್ದು ಹಲ್ಲನ್ನಲ್ಲ, ಆ ಮನುಷ್ಯನಿಗೆ ಕೊಡಬೇಕಾದ ಉತ್ತರವನ್ನು. ಹಲ್ಲನ್ನು ಬಾವುಟ ಮಾಡಿಕೊಂಡಿದ್ದೆ. ತಣ್ಹಾ ಎಂದರೆ ಹಣ, ಹೆಣ್ಣು, ಹೊಲ ಎಂದೇ ನಾವು ಹೇಳುತ್ತಿರುತ್ತೇವೆ. ಸ್ವಾಭಿಮಾನದ ಪಕ್ಕದಲ್ಲೇ, ಅದರದೇ ಅಂಗಿ ತೊಟ್ಟು ಕೂತಿರುವ ಇನ್ನೊಂದನ್ನು ಗುರುತಿಸುವುದು ಕಷ್ಟ. ಯಾಕೆಂದರೆ ಸ್ವಾಭಿಮಾನವನ್ನು ನಾವು ಬಿಡುವ ಹಾಗಿಲ್ಲ.

ಅವ್ವನಿಗೆ ಫೋನ್ ಮಾಡಿದೆ. "ಕಿತ್ತಾಕ್ಸ್‌ಬುಡು ಮಗ, ಒಂದಲ್ಲಿಗೆ ಯಾಕಿಂಗೆ ಒದ್ದಾಡ್ತೀಯ" ಎಂದಳು. ಅವಳಿಗೆ ಅದು ಅಷ್ಟು ಸಲೀಸು. ಅದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕೀಳಿಸಿದೆ. ಮರಗಟ್ಟಿಸುವ ಸೂಜಿಯೊಂದೇ ನೋವು. ಹಲ್ಲು ಎರಡು ತುಂಡಾಗಿ ಬಂತು, ಅದೇ ಗೆರೆಯಲ್ಲಿ. ನೋಡಬೇಕಾ ಎಂದು ಕೇಳಿ ಗಾಜ್ ಬಟ್ಟೆಯ ಮೇಲಿಟ್ಟು ತೋರಿಸಿದರು. ಚಿಕ್ಕಂದಿನಲ್ಲಿ ಬಿದ್ದ ಹಲ್ಲನ್ನು ಸಗಣಿಯಲ್ಲಿ ಇಟ್ಟು ಮಾಡಿನ ಮೇಲೆ ಎಸೆಯುತ್ತಿದ್ದೆವು. ಬುದ್ಧರದೆನ್ನುವ ಹಲ್ಲನ್ನು ಶ್ರೀಲಂಕಾದ ಕ್ಯಾಂಡಿಯಲ್ಲಿ ಇಟ್ಟು ಪೂಜಿಸುತ್ತಾರೆ. ನನ್ನದು ಹಳದಿ ಚೀಲಕ್ಕೆ ಹೋಯಿತು. ಖಾಲಿ ಜಾಗವನ್ನು ಹಾಗೇ ಬಿಟ್ಟರೆ ಪಕ್ಕದ ಹಲ್ಲು ವಾಲುತ್ತದೆ, ಮೇಲಿನದು ಕೆಳಗಿಳಿಯುತ್ತದೆ. ಗಾಯ ಮಾಗಿದ ಮೇಲೆ ಬನ್ನಿ, ಕಟ್ಟುಹಲ್ಲಿನ ಬಗ್ಗೆ ಮಾತಾಡೋಣ ಎಂದಿದ್ದಾರೆ. ಅಡಿಕೆ ಬಿಟ್ಟು ಹದಿನೇಳು ದಿನವಾಯಿತು.

ಮೊದಲಿನ ಡಾಕ್ಟರು ಹೇಳಿದ ಮಾತು ಕೊನೆಗೆ ಸರಿಯೇ ಆಯಿತು. ಅವರಿಗೆ ಆ ಸೀಳು ಒಂದೇ ನೋಟಕ್ಕೆ ಕಂಡಿತ್ತೋ, ಇಲ್ಲ ನಾನೇ ಕಂಡಿದ್ದೆನೋ, ನನಗೆ ಗೊತ್ತಿಲ್ಲ. ಒಂದು ದಿನ ಹೋಗಿ ಕೇಳಬೇಕೆಂದಿದ್ದೇನೆ, ಜಗಳಕ್ಕಲ್ಲ. ಎಕ್ಸ್‌ರೇ ಏಕೆ ತೆಗೆಯಲಿಲ್ಲ ಎಂದಷ್ಟೇ.

ಅವ್ವನನ್ನು ಬರುವ ತಿಂಗಳು ಅದೇ ಕಾಲೇಜಿಗೆ ಕರೆದುಕೊಂಡು ಹೋಗುತ್ತೇನೆ. ಬೇಡವೆನ್ನುತ್ತಿದ್ದಾಳೆ, ಈ ವಯಸ್ಸಿನಲ್ಲಿ ಯಾಕೆ ಎನ್ನುತ್ತಾಳೆ. ಉಳಿದಿರುವ ಮೂರು ಹಲ್ಲನ್ನು ಏನು ಮಾಡಬೇಕೆಂದು ನನ್ನನ್ನಲ್ಲ, ಮೊದಲು ಅವಳನ್ನೇ ಕೇಳಿ ಎಂದು ಡಾಕ್ಟರಿಗೆ ಹೇಳಬೇಕು.

ಜೈ ಭೀಮ್. ನಮೋ ಬುದ್ಧಾಯ.